ಒಂದು ಬದುವಿನ ಅಂತರ

ಕಿತ್ತೂರಿನಿಂದ ಹೊರಟು ಬೈಲಹೊಂಗಲ, ಸವದತ್ತಿಗಳನ್ನು ಹಾಯ್ದು ರಾಮದುರ್ಗದವರೆಗೆ ಸಾಗಿದವರು ನೆಲವು ಬಣ್ಣ ಬದಲಿಸುವುದನ್ನು ಕಂಡಿರುತ್ತಾರೆ. ಕಿತ್ತೂರ ಸೀಮೆಯಲ್ಲಿ ಮಲೆನಾಡಿನ ಸೆರಗು, ಕೆಮ್ಮಣ್ಣು, ಭತ್ತದ ಗದ್ದೆ. ಬೈಲಹೊಂಗಲಕ್ಕೆ ಬರುವಷ್ಟರಲ್ಲಿ ಎರೆಯ ಹೊಲ, ಹತ್ತಿ, ಜೋಳ. ರಾಮದುರ್ಗದತ್ತ ಕಲ್ಲುಗುಡ್ಡ, ಒಣಹವೆ. ಅಷ್ಟು ದೂರವಾದರೂ ಏಕೆ? ಬದುವಿನ ಈಚೆಯ ಜೋಳದ ರುಚಿಯೇ ಬೇರೆ, ಆಚೆಯದೇ ಬೇರೆ ಎನ್ನುವ ಹಿರಿಯರು ನಮ್ಮ ಹಳ್ಳಿಗಳಲ್ಲಿದ್ದಾರೆ. ಕೇಳಿದವರು ನಕ್ಕು ಸುಮ್ಮನಾಗುತ್ತಾರೆ.

ಇಂಥ ಮಾತನ್ನು ನಗದೆ ಕೇಳಿ ಬರೆದಿಟ್ಟ ತತ್ತ್ವಜ್ಞಾನಿಯೊಬ್ಬನುಂಟು. ಇಂಗ್ಲೆಂಡಿನ ಜಾನ್ ಲಾಕ್ 1677ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಬಳಿಯ ಓ-ಬ್ರಿಯೋಂ ಎಂಬ ದ್ರಾಕ್ಷಿತೋಟವನ್ನು ನೋಡಲು ಹೋದನು. ಅಲ್ಲಿಯ ಕೆಂಪು ದ್ರಾಕ್ಷಾಮದ್ಯವು ಆಗಲೇ ಲಂಡನ್ನಿನಲ್ಲಿ ಹೆಸರಾಗಿತ್ತು. ಆದರೆ ಅವನು ಕಂಡದ್ದು ಬಿಳಿಯ ಮರಳು, ಅಷ್ಟಿಷ್ಟು ಹರಳು. ಏನೂ ಬೆಳೆಯಲಾರದೆಂದು ತೋರುವ ನೆಲ. ನಡುವೆ ಒಂದು ಕಾಲುವೆಯಷ್ಟೇ ಇರುವ ಪಕ್ಕದ ತೋಟದ ಮದ್ಯ ಇದಕ್ಕೆ ಸಾಟಿಯಾಗದೆಂದು ವ್ಯಾಪಾರಿಗಳು ಅವನಿಗೆ ಹೇಳಿದರು. ಎರಡು ಕಡೆಯ ಮಣ್ಣೂ ನೋಟಕ್ಕೆ ಒಂದೇ!

ಆ ನೆಲ ಪೋಂತಾಕ್ ಮನೆತನಕ್ಕೆ 1525ರಲ್ಲಿ ಮದುವೆಯ ಬಳುವಳಿಯಾಗಿ ಬಂದಿತ್ತು. ಸುತ್ತಲಿನ ಪ್ರದೇಶಕ್ಕೆ ಗ್ರಾವ್ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಗರಸುಭೂಮಿ. ಹರಳುಗಳ ಸಂದಿಯಿಂದ ನೀರು ಇಳಿದುಹೋಗುತ್ತದೆ; ಬಳ್ಳಿಯು ಬೇರನ್ನು ಆಳಕ್ಕೆ ಇಳಿಸಬೇಕಾಗುತ್ತದೆ. ಹಗಲು ಕಾದ ಕಲ್ಲು ಇರುಳಿನಲ್ಲಿಯೂ ಬಿಸಿಯನ್ನು ಕಾಯ್ದಿಡುತ್ತದೆ. ಕಪ್ಪು ದ್ರಾಕ್ಷಿಯ ರಸಕ್ಕೆ ಬಣ್ಣವಿರುವುದಿಲ್ಲವೆಂಬುದು ಅನೇಕರಿಗೆ ತಿಳಿಯದು. ರಸವು ಸಿಪ್ಪೆಯೊಡನೆ ಹುದುಗಿದಾಗ ಆ ಕೆಂಪು ಇಳಿಯುತ್ತದೆ. ಬಳಿಕ ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಅದು ಪಕ್ವವಾಗಬೇಕು.

ಅಂದಿನ ಮದ್ಯಗಳಲ್ಲಿ ಹೆಚ್ಚಿನವು ಊರಿನ ಅಥವಾ ಸೀಮೆಯ ಹೆಸರಿನಲ್ಲಿ ಮಾರಾಟವಾಗುತ್ತಿದ್ದವು. ಪೋಂತಾಕರು ತಮ್ಮ ತೋಟದ ಹೆಸರನ್ನೇ ಪೇಟೆಗೆ ಕಳಿಸಿದರು. 1663ರಲ್ಲಿ ಸಾಮ್ಯುಯೆಲ್ ಪೀಪ್ಸನು ಅದರ ವಿಶಿಷ್ಟ ರುಚಿಯನ್ನು ದಿನಚರಿಯಲ್ಲಿ ಗುರುತಿಸಿಕೊಂಡನು. 1855ರಲ್ಲಿ ಬೋರ್ಡೋದ ಕೆಂಪು ಮದ್ಯಗಳನ್ನು ಐದು ಶ್ರೇಣಿಗಳಾಗಿ ವಿಂಗಡಿಸಿದಾಗ, ಮೊದಲ ಶ್ರೇಣಿಗೆ ಸಂದ ನಾಲ್ಕು ತೋಟಗಳಲ್ಲಿ ಇದೂ ಒಂದಾಯಿತು.

ಈ ಫ್ರೆಂಚ್ ವಿದ್ಯೆಯನ್ನು ಕನ್ನಡನಾಡಿನ ಮಣ್ಣಿನಲ್ಲಿ ಪರೀಕ್ಷಿಸಿದವರೂ ಇದ್ದಾರೆ. ಕನ್ವಲ್ ಗ್ರೋವರ್ ಅವರು ಶಾಂಪೇನ್ ಪ್ರಾಂತದ ಜಾರ್ಜ್ ವೆಸ್ಸೆಲ್ ಅವರ ನೆರವಿನಿಂದ ಫ್ರೆಂಚ್ ತಳಿಗಳನ್ನು ತರಿಸಿ, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ಕೆಳಗೆ, ತೋಟವನ್ನು ಸ್ಥಾಪಿಸಿದರು. ಇಲ್ಲಿಯ ತೊಡಕೇ ಬೇರೆ. ಫ್ರಾನ್ಸಿನಲ್ಲಿ ಚಳಿಗಾಲವು ಬಳ್ಳಿಯನ್ನು ಮಲಗಿಸುತ್ತದೆ. ನಮ್ಮ ಹವೆಯಲ್ಲಿ ಬಳ್ಳಿಗೆ ನಿದ್ರೆಯಿಲ್ಲ. ಆದ್ದರಿಂದ ವರ್ಷಕ್ಕೆ ಎರಡು ಸಲ ಚಾಟ್ನಿ ಮಾಡಬೇಕು: ಬೇಸಗೆಯಲ್ಲಿ ಕಡ್ಡಿಗಾಗಿ, ಮಳೆ ಹಿಂದಾದ ಮೇಲೆ ಹಣ್ಣಿಗಾಗಿ. ಅಲ್ಲಿ ಋತು ಮಾಡುವ ಕೆಲಸವನ್ನು ಇಲ್ಲಿ ಒಕ್ಕಲಿಗನ ಕತ್ತರಿ ಮಾಡುತ್ತದೆ.

ಇದನ್ನೆಲ್ಲ ಹೇಳುವುದು ಪಾನವನ್ನು ಹೊಗಳುವುದಕ್ಕಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ಹೇಳಬೇಕಾದುದು ಮಣ್ಣಿನ ಹೆಸರನ್ನು ಕುರಿತು. ನಮ್ಮ ಸೀಮೆಗೂ ಅಂಥ ಹೆಸರು ಒಮ್ಮೆ ಒದಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದ ಎರೆಯಲ್ಲಿ ಬೆಳೆದ ಹತ್ತಿಯೊಂದು ‘ಧಾರವಾಡ-ಅಮೇರಿಕನ್’ ಎಂಬ ಹೆಸರಿನಿಂದ ಇಂಗ್ಲೆಂಡಿನ ಪೇಟೆಯನ್ನು ಮುಟ್ಟಿತು. ಆದರೆ ಅಂದಿನ ವ್ಯಾಪಾರದಲ್ಲಿ ಒಳ್ಳೆಯ ಹತ್ತಿಯೊಡನೆ ಕೀಳು ಹತ್ತಿಯನ್ನು ಬೆರಸುವ ಚಾಳಿ ಎಷ್ಟು ಬೆಳೆಯಿತೆಂದರೆ, 1863ರಲ್ಲಿ ಮುಂಬಯಿ ಸರಕಾರವು ಹತ್ತಿಯ ಮೋಸವನ್ನು ತಡೆಯಲು ಕಾಯಿದೆಯನ್ನೇ ಮಾಡಬೇಕಾಯಿತು. ಹೆಸರನ್ನು ಮಣ್ಣು ಕೊಟ್ಟಿತು. ಬೆರಕೆ ಅದನ್ನು ಕೆಡಿಸಿತು.

ಇಂದು ನಮ್ಮದೇ ಜಿಲ್ಲೆಯ ಅಥಣಿ ತಾಲೂಕಿನ ತೆಲಸಂಗದ ಕಡೆ ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುವ ರೈತರು ಬೇಕಾದಷ್ಟು ಜನರಿದ್ದಾರೆ. ಆ ಮಣೂಕವನ್ನು ಬಾಯಿಗೆ ಹಾಕಿಕೊಂಡಾಗ ಅದು ಯಾರ ಹೊಲದ್ದು, ಯಾವ ಮಣ್ಣಿನದು ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳುತ್ತೇವೆ? ಓ-ಬ್ರಿಯೋಂ ತೋಟದ ಹರಳಿಗಿಂತ ಮಲಪ್ರಭೆಯ ದಂಡೆಯ ಎರೆ ಬಡವಾದುದೆಂದು ಯಾರೂ ಹೇಳಲಾರರು. ಅಲ್ಲಿಯವರು ಒಂದು ಕಾಲುವೆಯ ಅಂತರವನ್ನು ನೂರಾರು ವರ್ಷ ಬೆರಕೆಯಾಗದಂತೆ ಕಾಯ್ದರು. ಬದುವಿನ ಆಚೆ ಈಚೆಯ ರುಚಿಯನ್ನು ಬಲ್ಲ ನಮ್ಮ ಹಿರಿಯರ ಮಾತಿಗೆ, ನಗುವ ಮೊದಲು, ಒಮ್ಮೆ ಕಿವಿಗೊಡಬಾರದೇಕೆ?