ಸೋಲು ನೋಡಲು ಟಿಕೆಟ್ ಕೊಂಡವರು

ಎಂಟನೇ ಇನ್ನಿಂಗ್ಸ್‌ನಲ್ಲಿ ತವರಿನ ತಂಡ ಮೂರು ರನ್ ಗಳಿಸಿ ಮುಂದೆ ಹೋಯಿತು. ನನ್ನ ಮುಂದಿನ ಸಾಲಿನಲ್ಲಿದ್ದ ಇಬ್ಬರು ತಲೆ ಮೇಲೆ ಕೈ ಹೊತ್ತು ಕೂತರು. ಇಬ್ಬರೂ ತವರಿನ ತಂಡದ ಅಂಗಿ ತೊಟ್ಟವರೇ. ಗೆಲುವು ಹತ್ತಿರ ಬಂದಷ್ಟೂ ಅವರ ಮುಖ ಸಪ್ಪಗಾಗುತ್ತಿತ್ತು. ಅವರು ಬಂದದ್ದೇ ಸೋಲು ನೋಡಲು.

ಅದು 2024ರ ಸೆಪ್ಟೆಂಬರ್ 24, ಶಿಕಾಗೊ ದಕ್ಷಿಣ ಭಾಗದ 35ನೇ ಬೀದಿ. ತವರಿನ ತಂಡವಾದ ವೈಟ್ ಸಾಕ್ಸ್ ಆ ಹೊತ್ತಿಗೆ 120 ಪಂದ್ಯ ಸೋತು 1962ರ ನ್ಯೂಯಾರ್ಕ್ ಮೆಟ್ಸ್ ಪಕ್ಕದಲ್ಲಿ ಬಂದು ನಿಂತಿತ್ತು. ಇನ್ನೊಂದು ಸೋತರೆ ಆಧುನಿಕ ಬೇಸ್‌ಬಾಲ್‌ನಲ್ಲಿ ಒಂದು ಋತುವಿನ ಅತಿ ಹೆಚ್ಚು ಸೋಲು. ‘ನಾನೂ ಅಲ್ಲಿದ್ದೆ’ ಎಂದು ಮೊಮ್ಮಕ್ಕಳಿಗೆ ಹೇಳಿಕೊಳ್ಳುವ ಆಸೆ ಮನುಷ್ಯನಿಗೆ ಸೋಲಿನ ವಿಷಯದಲ್ಲೂ ಇರುತ್ತದೆ ಎಂಬುದು ನನಗೆ ಅಂದೇ ಗೊತ್ತಾದದ್ದು. ವೈಟ್ ಸಾಕ್ಸ್ ಕೊನೆಗೆ 3–2ರಲ್ಲಿ ಗೆದ್ದುಬಿಟ್ಟಿತು. ಸ್ಟ್ಯಾಂಡಿನಿಂದ ಎದ್ದ ಘೋಷಣೆ ಜೈಕಾರವಲ್ಲ, ‘ತಂಡ ಮಾರು, ತಂಡ ಮಾರು’. ಮಾಲೀಕ ಜೆರ್ರಿ ರೈನ್ಸ್‌ಡಾರ್ಫ್‌ಗೆ ಹೇಳಿದ್ದು. ಎಂಟು ವರ್ಷ ಆಟಗಾರರನ್ನು ಮಾರಿದ್ದನ್ನು ನೋಡಿದವರಿಗೆ, ಮಾರಬೇಕಾದದ್ದು ಇನ್ನೊಂದೇ ಉಳಿದಿದೆ ಅನ್ನಿಸಿರಬೇಕು.

ನನ್ನ ಎಡಕ್ಕೆ ಕೂತಿದ್ದವರು ಎಪ್ಪತ್ತು ದಾಟಿದ ಹಿರಿಯರು. ಮೊಬೈಲ್ ಮುಟ್ಟದೆ ಪೆನ್ಸಿಲ್ಲಿನಲ್ಲಿ ಸ್ಕೋರ್ ಬರೆಯುವ ಜಾತಿ. ಭಾರತದಿಂದ ಬಂದವನು, ಕ್ರಿಕೆಟ್ಟಿನವನು ಎಂದು ತಿಳಿದ ಮೇಲೆ ನನಗೆ ಪಾಠ ಶುರುವಾಯಿತು. ಸ್ಕೋರ್ ಪುಸ್ತಕದ ಹಿಂದಿನ ರಟ್ಟಿನ ಒಳಗೆ ಒಂದು ಪಟ್ಟಿ: 2016ರ ಡಿಸೆಂಬರ್ 6ರಂದು ಕ್ರಿಸ್ ಸೇಲ್ ಎಂಬ ಎಡಗೈ ಪಿಚರನ್ನು ಬಾಸ್ಟನ್‌ಗೆ ಕೊಟ್ಟು ತಂದ ನಾಲ್ವರು ಹುಡುಗರ ಹೆಸರು. ಯೊಆನ್ ಮೊಂಕಾಡಾ, ಮೈಕಲ್ ಕೋಪೆಕ್, ಲೂಯಿಸ್ ಅಲೆಕ್ಸಾಂಡರ್ ಬಸಾಬೆ, ವಿಕ್ಟರ್ ಡಿಯಾಸ್. ಮೂರು ಹೆಸರಿನ ಮೇಲೆ ಗೆರೆ ಎಳೆದಾಗಿತ್ತು. ಡಿಯಾಸ್ ಮೇಜರ್ ಲೀಗ್ ಮುಟ್ಟಲೇ ಇಲ್ಲ. ಬಸಾಬೆ ಬೇರೆ ಊರಿಗೆ ಹೋದ. ಕೋಪೆಕ್‌ನನ್ನು ಆ ಜುಲೈನಲ್ಲಷ್ಟೇ ಲಾಸ್ ಏಂಜಲೀಸ್‌ಗೆ ದಾಟಿಸಿದ್ದರು. ಅವನು ಅಕ್ಟೋಬರ್‌ನಲ್ಲಿ ಅಲ್ಲಿನ ಡಾಜರ್ಸ್ ಜತೆ ಲೀಗಿನ ಅಂತಿಮ ಸರಣಿ ವರ್ಲ್ಡ್ ಸೀರೀಸ್ ಗೆದ್ದ. ಉಳಿದವನು ಮೊಂಕಾಡಾ. ಒಂದು ಕಾಲಕ್ಕೆ ದೇಶದಲ್ಲೇ ಮೊದಲ ಸಾಲಿನ ಪ್ರಾಸ್ಪೆಕ್ಟ್ (ಭರವಸೆಯ ಎಳೆಯ ಆಟಗಾರ), ಬಾಸ್ಟನ್ ಬರಿಯ ಸಹಿಗೇ 3.15 ಕೋಟಿ ಡಾಲರ್ ಸುರಿದಿದ್ದ ಹುಡುಗ. 2019ರಲ್ಲಿ ಚೆನ್ನಾಗಿಯೇ ಆಡಿದ್ದ. 2024ರ ಇಡೀ ಋತುವಿನಲ್ಲಿ ಅವನು ಅಂಗಳಕ್ಕಿಳಿದದ್ದು 12 ಪಂದ್ಯದಲ್ಲಿ.

ಮಾರಿ ಕಳೆದುಕೊಂಡ ಸೇಲ್? 2018ರಲ್ಲಿ ವರ್ಲ್ಡ್ ಸೀರೀಸಿನ ಕೊನೆಯ ಔಟ್ ತೆಗೆದವನು ಅವನೇ. ವೈಟ್ ಸಾಕ್ಸ್ 121 ಸೋತ ಅದೇ 2024ರಲ್ಲಿ, 35ರ ವಯಸ್ಸಿನಲ್ಲಿ, ಅಟ್ಲಾಂಟಾ ಪರ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ.

ಇಷ್ಟಕ್ಕೇ ನಿಲ್ಲಿಸಿದರೆ ತೀರ್ಪು ಸುಲಭ. ಆದರೆ ಹಿರಿಯರು ಇನ್ನೊಂದು ಕಥೆ ಹೇಳಿ ನನ್ನ ತಲೆಗೆ ಹುಳ ಬಿಟ್ಟರು. ದಾಖಲೆ ಕಳೆದುಕೊಳ್ಳಲಿದ್ದ ಆ 1962ರ ಮೆಟ್ಸ್ ತಂಡದ ಹ್ಯಾರಿ ಚಿಟಿಯ ಕಥೆ.

ಬೇಸ್‌ಬಾಲ್ ವಿನಿಮಯದಲ್ಲಿ ಒಂದು ವಿಚಿತ್ರ ಕಲಮು ಇದೆ. ಇಂದು ನಿನ್ನ ಆಟಗಾರನನ್ನು ಕೊಡು, ಬದಲಿಗೆ ನಾನೊಬ್ಬನನ್ನು ಕೊಡುತ್ತೇನೆ, ಅವನು ಯಾರೆಂದು ಆಮೇಲೆ ಹೇಳುತ್ತೇನೆ. ಆರು ತಿಂಗಳೊಳಗೆ ಹೆಸರು ಹೇಳಿದರಾಯಿತು. 1962ರ ಏಪ್ರಿಲ್‌ನಲ್ಲಿ ಕ್ಲೀವ್‌ಲ್ಯಾಂಡ್ ಕ್ಲಬ್ಬು ಚಿಟಿ ಎಂಬ ಕ್ಯಾಚರನ್ನು ಹೀಗೆ ‘ಆಮೇಲೆ ಹೆಸರಿಸುವ ಆಟಗಾರ’ನಿಗಾಗಿ ಮೆಟ್ಸ್‌ಗೆ ಕೊಟ್ಟಿತು. ಚಿಟಿ 15 ಪಂದ್ಯ ಆಡಿದ, ಸರಾಸರಿ .195. ಜೂನ್ 15ಕ್ಕೆ ಮೆಟ್ಸ್ ಬಾಕಿ ತೀರಿಸಿತು: ಕ್ಲೀವ್‌ಲ್ಯಾಂಡ್‌ಗೆ ಕಳಿಸಿದ ಆಟಗಾರನ ಹೆಸರು ಹ್ಯಾರಿ ಚಿಟಿ. ತನಗೆ ತಾನೇ ಬದಲಿಯಾದವನು. ನಾನು ನಕ್ಕ ನಗುವಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಅಲ್ಲಿ ಆಗ ನಗುವಂಥದ್ದೇನೂ ನಡೆಯುತ್ತಿರಲಿಲ್ಲ.

ಮನೆಗೆ ಬಂದು ಈ ಹೆಸರಿಲ್ಲದವರ ಬೆನ್ನು ಹತ್ತಿದೆ. ಮೊದಲು ಸಿಕ್ಕವನು 1996ರ ಒಬ್ಬ ಹುಡುಗ. ಸಿಯಾಟಲ್ ಕ್ಲಬ್ಬಿಗೆ ಪ್ಲೇಆಫ್ ಓಟದಲ್ಲಿ ಡೇವ್ ಹಾಲಿನ್ಸ್ ಎಂಬ ಪಳಗಿದ ಬ್ಯಾಟರ್ ಬೇಕಿತ್ತು. ಮಿನೆಸೋಟಾ ಕೊಟ್ಟಿತು. ಬದಲಿಗೆ ಕೆಲವು ವಾರದ ನಂತರ ಬಂದ ಹುಡುಗನ ಹೆಸರು ಡೇವಿಡ್ ಅರಿಯಾಸ್. ಅವನೇ ಮುಂದೆ ತನ್ನ ಹೆಸರು ಡೇವಿಡ್ ಓರ್ಟಿಸ್ ಎಂದ. 541 ಹೋಮ್ ರನ್ ಹೊಡೆದ, 2022ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಮಿನೆಸೋಟಾದವರ ದೂರದೃಷ್ಟಿಗೆ ಕೈಮುಗಿಯೋಣ ಎಂದುಕೊಳ್ಳುವಷ್ಟರಲ್ಲಿ ಗೊತ್ತಾಗುತ್ತದೆ, 2002ರ ಡಿಸೆಂಬರ್‌ನಲ್ಲಿ ಅವನನ್ನು ಬಿಟ್ಟಿಯಾಗಿ ಹೊರಗೆ ಕಳಿಸಿದವರೂ ಅವರೇ. ಆ ಹೋಮ್ ರನ್‌ಗಳಲ್ಲಿ ಹೆಚ್ಚಿನವು ಬಂದದ್ದು ಬಾಸ್ಟನ್‌ಗೆ.

2008ರಲ್ಲಿ ಕ್ಲೀವ್‌ಲ್ಯಾಂಡ್ ತನ್ನ ಸಿ.ಸಿ. ಸಬೇತಿಯಾನನ್ನು ಮಿಲ್ವಾಕಿಗೆ ಕೊಟ್ಟಿತು. ಪತ್ರಿಕೆಗಳ ತಲೆಬರಹಕ್ಕೆ ಬಂದ ಪ್ರಾಸ್ಪೆಕ್ಟ್ ಮ್ಯಾಟ್ ಲಪೋರ್ಟಾ. ಜತೆಗೆ ಇನ್ನಿಬ್ಬರು, ಬಾಲಂಗೋಚಿಯಂತೆ ಹೆಸರಿಲ್ಲದ ಇನ್ನೊಬ್ಬ. ಸಬೇತಿಯಾ ಮಿಲ್ವಾಕಿಗೆ 11 ಗೆದ್ದು ಎರಡೇ ಸೋತ, 1982ರ ನಂತರ ಮೊದಲ ಬಾರಿಗೆ ಅವರನ್ನು ಪ್ಲೇಆಫ್‌ಗೆ ಎಳೆದೊಯ್ದ. ಇತ್ತ ಲಪೋರ್ಟಾನ ಮೇಜರ್ ಲೀಗ್ ಆಯಸ್ಸು ನಾಲ್ಕೇ ಋತು. ಆ ಹೆಸರಿಲ್ಲದವನು? ಮೈಕಲ್ ಬ್ರ್ಯಾಂಟ್ಲಿ. ಐದು ಸಲ ಆಲ್‌ಸ್ಟಾರ್.

ಹೆಸರಿಲ್ಲದವರ ಕಥೆ ಇನ್ನೊಂದು ಹೇಳಿ ಮುಗಿಸುತ್ತೇನೆ. ಹೊಸದಾಗಿ ಆಯ್ಕೆಯಾದ ಹುಡುಗನನ್ನು ಒಂದು ವರ್ಷದವರೆಗೆ ಮಾರುವಂತಿಲ್ಲ ಎಂಬ ನಿಯಮ ಆಗ ಇತ್ತು. ಹಾಗಾಗಿ 2014ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ಗೆ ಮಾರಾಟವಾದ ಟ್ರೇ ಟರ್ನರ್ ‘ಆಮೇಲೆ ಹೆಸರಿಸುವ ಆಟಗಾರ’ನಾಗಿ ಕಾಗದದಲ್ಲಿ ಅಡಗಿ ಕೂರಬೇಕಾಯಿತು. ಅವನ ಹೆಸರು ಊರಿಗೆಲ್ಲ ಗೊತ್ತು. ಆದರೂ ಜೂನ್‌ವರೆಗೆ ಅವನು ಸ್ಯಾನ್ ಡಿಯೇಗೊದ ಅಂಗಿ ತೊಟ್ಟು, ತನ್ನನ್ನು ಮಾರಿದವರ ಜೂನಿಯರ್ ತಂಡಕ್ಕೇ ಆಡಿದ. ಈ ನಗೆಪಾಟಲಿನ ನಂತರ ನಿಯಮವನ್ನೇ ಬದಲಿಸಿದರು.

ಎಮ್ಮೆ ನೀರೊಳಗಿರುವಾಗ ಕೊಂಬು ನೋಡಿ ವ್ಯಾಪಾರ ಮಾಡುವುದು ಎಂದರೆ ಇದೇ. ಸ್ಕೌಟ್‌ಗಳ ವರದಿ, ಕಂಪ್ಯೂಟರ್ ಲೆಕ್ಕ, ನೂರು ಹೆಸರಿನ ರ್‍ಯಾಂಕ್ ಪಟ್ಟಿ ಎಲ್ಲ ಕೊಂಬಿನ ಅಳತೆ. ಪಟ್ಟಿಯ ತಲೆಯಲ್ಲಿದ್ದವನು ಮುಳುಗುತ್ತಾನೆ, ಬಾಲದಲ್ಲಿದ್ದವನು ತೇಲುತ್ತಾನೆ. ಹಾಗೆಂದು ವ್ಯಾಪಾರವೇ ಬೇಡ ಎನ್ನಲಾಗದು. ಅದಕ್ಕೆ ಪುರಾವೆ ಆ ರಾತ್ರಿ ನಮ್ಮೆದುರೇ, ವೈಟ್ ಸಾಕ್ಸ್ ಡಗೌಟಿನ ಕಟಕಟೆಗೆ ಒರಗಿ ನಿಂತಿತ್ತು.

ಹಂಗಾಮಿ ಮ್ಯಾನೇಜರ್ ಗ್ರೇಡಿ ಸೈಜ್‌ಮೋರ್. ಆಗಸ್ಟ್‌ನಲ್ಲಿ ಪೆಡ್ರೊ ಗ್ರಿಫೋಲ್‌ನನ್ನು ತೆಗೆದು ಇವನನ್ನು ಕೂರಿಸಿದ್ದರು. ಹೆಸರು ಎಲ್ಲೋ ಕೇಳಿದ್ದೇನಲ್ಲ ಎಂದೆ. ಹಿರಿಯರು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ‘ಕೊಲೋನ್’ ಎಂದರು. ಅಷ್ಟು ಸಾಕಾಯಿತು. 2002ರ ಜೂನ್ 27. ಮಾಂಟ್ರಿಯಲ್ ಎಕ್ಸ್‌ಪೋಸ್ ಕ್ಲಬ್ಬನ್ನೇ ಮುಚ್ಚುವ ಮಾತು ನಡೆದಿತ್ತು. ನಾಳೆ ಇಲ್ಲದವರಿಗೆ ಹುಡುಗರೇಕೆ ಎಂದು ಅವರು ಬಾರ್ಟೊಲೊ ಕೊಲೋನ್ ಎಂಬ ದೊಡ್ಡ ಪಿಚರ್‌ಗಾಗಿ ಕ್ಲೀವ್‌ಲ್ಯಾಂಡ್‌ಗೆ ಮೂವರು ಪ್ರಾಸ್ಪೆಕ್ಟ್‌ಗಳನ್ನು ಸುರಿದರು. ಕ್ಲಿಫ್ ಲೀ 2008ರಲ್ಲಿ ಸೈ ಯಂಗ್ ಗೆದ್ದ. ಬ್ರ್ಯಾಂಡನ್ ಫಿಲಿಪ್ಸ್ ಸಿನ್ಸಿನಾಟಿಗೆ ಹೋಗಿ ಆಲ್‌ಸ್ಟಾರ್ ಆದ. ಮೂರನೆಯವನು 19 ವರ್ಷದ ಸೈಜ್‌ಮೋರ್: ಮೂರು ಆಲ್‌ಸ್ಟಾರ್, 2008ರಲ್ಲಿ ಒಂದೇ ಋತುವಿಗೆ 30ಕ್ಕೂ ಹೆಚ್ಚು ಹೋಮ್ ರನ್, 30ಕ್ಕೂ ಹೆಚ್ಚು ಕದ್ದ ಬೇಸ್, ಆಮೇಲೆ ಮಂಡಿ ಕೈಕೊಟ್ಟಿತು. ಕೊಲೋನ್ ಮುಂದಿನ ಜನವರಿಗೇ ಮಾಂಟ್ರಿಯಲ್ ಬಿಟ್ಟು ಸೇರಿದ ತಂಡ ಇದೇ ವೈಟ್ ಸಾಕ್ಸ್. ಪಳಗಿದವನನ್ನು ಮಾರಿ ಹುಡುಗರನ್ನು ತಂದ ವಿನಿಮಯಗಳಲ್ಲಿ ಎಲ್ಲರೂ ಉದಾಹರಿಸುವ ಒಂದು ವಿನಿಮಯದ ‘ಹುಡುಗ’, ಅಂಥದ್ದೇ ವಿನಿಮಯಗಳಿಂದ ಹಾಳಾಯಿತೆಂದು ಜನ ಬೈಯುವ ತಂಡವನ್ನು ನಡೆಸುತ್ತ ನಿಂತಿದ್ದ. ಆ ರಾತ್ರಿ ಆಟಕ್ಕಿಂತ ಹೆಚ್ಚಾಗಿ ನಾನು ಅವನನ್ನೇ ನೋಡಿದೆ.

ಮಾರುವುದಕ್ಕೆ ಕಾರಣ ಸರಳ ಲೆಕ್ಕ. ಮೇಜರ್ ಲೀಗ್‌ಗೆ ಬಂದ ಹುಡುಗ ಮೊದಲ ಆರು ಋತು ಕ್ಲಬ್ಬಿನ ಹಿಡಿತದಲ್ಲಿರುತ್ತಾನೆ. ಅದರಲ್ಲಿ ಸುಮಾರು ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸಿನಲ್ಲೇ ದುಡಿಯುತ್ತಾನೆ. 2024ರಲ್ಲಿ ಆ ಕನಿಷ್ಠ 7.4 ಲಕ್ಷ ಡಾಲರ್. ಆರು ತುಂಬಿದ ಮೇಲೆ ಅವನು ಸ್ವತಂತ್ರ, ಯಾರು ಹೆಚ್ಚು ಕೊಟ್ಟರೆ ಅಲ್ಲಿಗೆ. ಕೊನೆಯ ಸ್ಥಾನದಲ್ಲಿರುವ ತಂಡಕ್ಕೆ ಒಪ್ಪಂದ ಮುಗಿಯಲು ಒಂದೆರಡು ವರ್ಷ ಉಳಿದ ತಾರೆಯಿಂದ ಆಗುವುದು 65ರ ಬದಲು 70 ಗೆಲುವು, ಅಷ್ಟೇ. ಅವನನ್ನು ಗೆಲ್ಲುವ ಹಸಿವಿನವರಿಗೆ ಕೊಟ್ಟು, ಅವರ ನಾಳೆಯನ್ನು ಪಡೆದುಕೊ. 1987ರಲ್ಲಿ ಅಟ್ಲಾಂಟಾ ಇದನ್ನೇ ಮಾಡಿತು. 36ರ ಡಾಯ್ಲ್ ಅಲೆಕ್ಸಾಂಡರ್‌ನನ್ನು ಡೆಟ್ರಾಯಿಟ್‌ಗೆ ಕೊಟ್ಟಿತು, ಅವನು ಒಂಬತ್ತಕ್ಕೆ ಒಂಬತ್ತೂ ಗೆದ್ದುಕೊಟ್ಟ. ಅಟ್ಲಾಂಟಾಗೆ ಬಂದವನು ಜಾನ್ ಸ್ಮೋಲ್ಟ್ಸ್, 213 ಗೆಲುವು, ಹಾಲ್ ಆಫ್ ಫೇಮ್. ಹೂಸ್ಟನ್‌ನ ಹೆಸರನ್ನೂ ಎಲ್ಲರೂ ಎತ್ತುತ್ತಾರೆ: 2011ರಿಂದ ಮೂರು ವರ್ಷ ನೂರರ ಮೇಲೆ ಸೋತು 2017ರಲ್ಲಿ ಕಪ್ ಎತ್ತಿದವರು. ಆದರೆ ಆ ತಂಡದ ತಾರೆಗಳಾದ ಅಲ್ಟುವೆ, ಕೈಕಲ್, ಸ್ಪ್ರಿಂಗರ್ ಮೂವರೂ ಆ ಮಾರಾಟದ ಹಬ್ಬಕ್ಕೆ ಮುಂಚೆಯೇ ಕ್ಲಬ್ಬಿನೊಳಗಿದ್ದರು. ಕಪ್ಪಿಗೆ ಕೊನೆಯ ಮೆಟ್ಟಿಲಾಗಿ ಅವರು ತಂದದ್ದು 34ರ ಜಸ್ಟಿನ್ ವರ್ಲ್ಯಾಂಡರ್‌ನನ್ನು, ಅದೂ ಮೂವರು ಪ್ರಾಸ್ಪೆಕ್ಟ್‌ಗಳನ್ನು ಕೊಟ್ಟು. ಈ ಅರ್ಧ ಕಥೆಯನ್ನು ರೀಬಿಲ್ಡ್, ಅಂದರೆ ಇದ್ದವರನ್ನು ಮಾರಿ ತಂಡವನ್ನು ಮತ್ತೆ ಕಟ್ಟುವ ವಾದದ ಪ್ರಚಾರಕರು ಹೇಳುವುದಿಲ್ಲ.

ವೈಟ್ ಸಾಕ್ಸ್ ಮಾರಿದ್ದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. 2017ರ ಜುಲೈನಲ್ಲಿ ಹೋಸೆ ಕಿಂಟಾನಾನನ್ನು ಅದೇ ಊರಿನ ಕಬ್ಸ್‌ಗೆ ಕೊಟ್ಟು ಎಲಾಯ್ ಹಿಮೆನೆಸ್ ಮತ್ತು ಡಿಲನ್ ಸೀಸ್‌ರನ್ನು ತಂದದ್ದು ಸೊಗಸಾದ ವ್ಯಾಪಾರ. 2020, 2021ರಲ್ಲಿ ಸತತ ಎರಡು ವರ್ಷ ಪ್ಲೇಆಫ್, ಕ್ಲಬ್ಬಿನ ಇತಿಹಾಸದಲ್ಲೇ ಮೊದಲು. ಒಂದು ಸುತ್ತೂ ಗೆಲ್ಲಲಿಲ್ಲ, ಆದರೆ ಬಾಗಿಲು ತೆರೆದಿತ್ತು. ಆ ಬಾಗಿಲಿನಲ್ಲಿ ದುಡ್ಡು ಹಿಡಿದು ನಿಲ್ಲಬೇಕಾದವರು ನಿಲ್ಲಲಿಲ್ಲ. ಈ ಕ್ಲಬ್ಬು 2025ರವರೆಗೂ ಯಾರಿಗೂ 7.5 ಕೋಟಿ ಡಾಲರ್‌ಗಿಂತ ದೊಡ್ಡ ಒಪ್ಪಂದ ಕೊಟ್ಟದ್ದಿಲ್ಲ. ಅದನ್ನು ಪಡೆದವನು ಆಂಡ್ರೂ ಬೆನಿಂಟೆಂಡಿ. 2016ರಲ್ಲಿ ಬಾಸ್ಟನ್ ಮೊಂಕಾಡಾನನ್ನು ಕೊಟ್ಟು ತನ್ನಲ್ಲೇ ಉಳಿಸಿಕೊಂಡ ಇನ್ನೊಬ್ಬ ಹುಡುಗ, ಆರು ವರ್ಷ ಹಳೆಯವನಾಗಿ ಬಂದ. ಇವರದೇ ಗುಂಪಿನ ಕಾನ್ಸಾಸ್ ಸಿಟಿ ಇವರಿಗಿಂತ ಎಷ್ಟೋ ಸಣ್ಣ ಊರು. 2023ರಲ್ಲಿ 106 ಸೋತವರು ತಮ್ಮ ಬಾಬಿ ವಿಟ್‌ಗೆ 28.88 ಕೋಟಿ ಡಾಲರ್‌ನ ಸಹಿ ಹಾಕಿಸಿ, ಒಂದಿಬ್ಬರು ಪಳಗಿದ ಪಿಚರ್‌ಗಳನ್ನು ಕೊಂಡು, ಮರುವರ್ಷ 86 ಗೆದ್ದು ಪ್ಲೇಆಫ್‌ಗೆ ಹೋದರು. ರೀಬಿಲ್ಡ್ ಎಂಬ ಮಾತು ಮಾಲೀಕರ ಬಾಯಲ್ಲಿ ಬಂದಾಗ ನಾನು ಸಂಬಳದ ಪಟ್ಟಿ ನೋಡುವುದು ಇದಕ್ಕೇ. ಅದು ಎಷ್ಟೋ ಸಲ ಖರ್ಚು ಇಳಿಸುವುದಕ್ಕೆ ಸಿಕ್ಕ ಗೌರವದ ಹೆಸರು.

121ನೇ ಸೋಲು ಸೆಪ್ಟೆಂಬರ್ 27ರಂದು ಬಂತು, ಡೆಟ್ರಾಯಿಟ್‌ನಲ್ಲಿ, 4–1. ಅದನ್ನು ಟಿವಿಯಲ್ಲಿ ನೋಡಿದೆ. ಡೆಟ್ರಾಯಿಟ್‌ನವರು ಅದೇ ಪಂದ್ಯದಿಂದ 2014ರ ನಂತರ ಮೊದಲ ಸಲ ಪ್ಲೇಆಫ್ ಸೇರಿ ಕುಣಿದರು. ಅವರೂ ಜುಲೈ 30ರಂದು ತಮ್ಮ ಒಳ್ಳೆಯ ಪಿಚರ್ ಜಾಕ್ ಫ್ಲಾಹರ್ಟಿಯನ್ನು ಮಾರಿದವರೇ, ಆ ವರ್ಷದ ಆಸೆ ಬಿಟ್ಟವರೇ. ಬದಲಿಗೆ ಬಂದ ಟ್ರೇ ಸ್ವೀನಿ ಆಗಸ್ಟ್‌ನಲ್ಲೇ ಶಾರ್ಟ್‌ಸ್ಟಾಪ್ ಜಾಗಕ್ಕೆ ಇಳಿದ. ಫ್ಲಾಹರ್ಟಿ ಡಾಜರ್ಸ್ ಜತೆ ಕಪ್ ಗೆದ್ದ. ಹೂಸ್ಟನ್‌ಗೆ ವರ್ಲ್ಯಾಂಡರ್‌ನನ್ನು ಕೊಟ್ಟು 2017ರಲ್ಲಿ ತಂದ ಮೂವರಲ್ಲಿ ಡೆಟ್ರಾಯಿಟ್‌ನಲ್ಲಿ ಉಳಿದುಕೊಂಡವನೆಂದರೆ ಕ್ಯಾಚರ್ ಜೇಕ್ ರಾಜರ್ಸ್. ಮೂವರಲ್ಲಿ ಒಬ್ಬ ನಿಂತರೂ ಸಾಕು, ಅವನ ಸುತ್ತ ಕಲಿಸುವ ವ್ಯವಸ್ಥೆ ಗಟ್ಟಿಯಿದ್ದರೆ. ಶಿಕಾಗೊದಲ್ಲಿ ಕೊರತೆಯಿದ್ದದ್ದು ಅದಕ್ಕೆ. ಬಂದ ಹುಡುಗರು ಕೆಟ್ಟವರಲ್ಲ. ಶಿಕಾಗೊದಿಂದ ಹೋದ ಸೀಸ್ 2024ರ ಜುಲೈನಲ್ಲಿ ಸ್ಯಾನ್ ಡಿಯೇಗೊ ಪರ ಒಂದೂ ಹಿಟ್ ಕೊಡದೆ ಇಡೀ ಪಂದ್ಯ ಮುಗಿಸಿದ.

ಡಿಸೆಂಬರ್‌ನಲ್ಲಿ ವೈಟ್ ಸಾಕ್ಸ್ ಮತ್ತೆ ಅಂಗಡಿ ತೆರೆಯಿತು. ಮಾರಾಟಕ್ಕೆ ಎಡಗೈ ಪಿಚರ್, ಗ್ಯಾರೆಟ್ ಕ್ರೋಶೆ. ಕೊಂಡವರು ಮತ್ತೆ ಬಾಸ್ಟನ್. ಬಂದವರು ಮತ್ತೆ ನಾಲ್ವರು. ಕ್ರೋಶೆ 2025ರಲ್ಲಿ 18 ಗೆದ್ದು ಐದು ಸೋತ, ಬಾಸ್ಟನ್ ಅವನಿಗೆ 17 ಕೋಟಿಯ ಒಪ್ಪಂದ ಕೊಟ್ಟಿತು. ಆದರೂ ಆ ಮಾರಾಟ ಸರಿ ಎಂದೇ ನನ್ನ ವಾದ. ಇನ್ನೆರಡೇ ವರ್ಷ ಕೈಯಲ್ಲಿರಲಿದ್ದ ಪಿಚರ್, 121 ಸೋತ ತಂಡ. ಬಂದವರಲ್ಲಿ ಕೈಲ್ ಟೀಲ್, ಚೇಸ್ ಮೈಡ್ರಾತ್ ಇಬ್ಬರೂ ಅದೇ ವರ್ಷ ಮೇಜರ್ ಲೀಗ್ ಆಡಿದರು. ತಂಡ 60 ಗೆದ್ದು 102 ಸೋತಿತು. ಕಳೆದ ಸಲಕ್ಕಿಂತ 19 ಗೆಲುವು ಹೆಚ್ಚು ಎಂದು ಸಂತೋಷಪಡುವವರನ್ನು ನಾನು ತಡೆಯುವುದಿಲ್ಲ.

ಸೋತಷ್ಟೂ ಲಾಭ ಎಂಬ ಹಳೆಯ ನಂಬಿಕೆಗೆ ಬಿದ್ದ ಪೆಟ್ಟು ಮಾತ್ರ ಹೇಳಲೇಬೇಕು. ಹೊಸ ಹುಡುಗರನ್ನು ಸರದಿಯಲ್ಲಿ ಆರಿಸುವ ಡ್ರಾಫ್ಟ್‌ನಲ್ಲಿ ಕೊನೆಯವರಿಗೆ ಮೊದಲ ಆಯ್ಕೆ ಎಂಬುದು ಈಗಿಲ್ಲ, 2022ರ ಡಿಸೆಂಬರ್‌ನಿಂದ ಲಾಟರಿ. ಅದರಲ್ಲೂ ದೊಡ್ಡ ಮಾರುಕಟ್ಟೆಯ, ಬೇರೆ ಕ್ಲಬ್ಬುಗಳಿಗೆ ಆದಾಯದ ಪಾಲು ಕೊಡುವ ತಂಡ ಸತತ ಎರಡು ವರ್ಷ ಲಾಟರಿಯ ಆಯ್ಕೆ ಪಡೆಯುವಂತಿಲ್ಲ. 2024ರಲ್ಲಿ ಐದನೇ ಆಯ್ಕೆ ಪಡೆದಿದ್ದ ವೈಟ್ ಸಾಕ್ಸ್, ಆಧುನಿಕ ಇತಿಹಾಸದಲ್ಲೇ ಇಲ್ಲದಷ್ಟು ಸೋತ ಮೇಲೆ 2025ರಲ್ಲಿ ಸಾಲಿನಲ್ಲಿ ನಿಂತದ್ದು ಹತ್ತನೆಯವರಾಗಿ. ಅಲ್ಲಿ ಆರಿಸಿಕೊಂಡದ್ದು ಬಿಲ್ಲಿ ಕಾರ್ಲ್‌ಸನ್ ಎಂಬ ಕ್ಯಾಲಿಫೋರ್ನಿಯಾದ ಹೈಸ್ಕೂಲ್ ಹುಡುಗನನ್ನು. ಶಾರ್ಟ್‌ಸ್ಟಾಪ್. ಪತ್ರಿಕೆಗಳು ಆಗಲೇ ಅವನನ್ನು ಪ್ರಾಸ್ಪೆಕ್ಟ್ ಪಟ್ಟಿಗೆ ಸೇರಿಸಿದವು.