ಡಾಕ್ಟರ ಬೋರ್ಡು ಓದೋಣ



ನಮ್ಮ ಗುಡೇಮಾರನಹಳ್ಳಿ ಕಲಿಕಾ ಕೇಂದ್ರಕ್ಕೆ ಒಬ್ಬರು ಅಕ್ಕ ಬರುತ್ತಾರೆ. ವಯಸ್ಸು ಐವತ್ತು ದಾಟಿದೆ. ಸ್ವಲ್ಪ ಕುಂಟುತ್ತಾ ಬರುತ್ತಾರೆ. ಅವರ ಬಲಗಾಲಿನಲ್ಲಿ ಎರಡು ಬೆರಳಿಲ್ಲ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆದರೆ "ನನ್ನ ಕತೆ ಬರೀರಿ, ನಾಲ್ಕು ಜನಕ್ಕೆ ತಿಳೀಲಿ" ಅಂತ ಅವರೇ ಹೇಳಿದ್ದಾರೆ.

ರಾಗಿ ಕೊಯ್ದ ಮೇಲೆ ಹೊಲದಲ್ಲಿ ಕೂಳೆ ಉಳಿದಿರುತ್ತದಲ್ಲ, ಆ ಕೂಳೆ ಅಕ್ಕನ ಕಾಲಿಗೆ ಚುಚ್ಚಿತು. ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆ. ಸಕ್ಕರೆ ಕಾಯಿಲೆ ಹಳೆಯದಾದರೆ ಕಾಲು ಜೋಮು ಹಿಡಿದ ಹಾಗಾಗುತ್ತದೆ. ಚುಚ್ಚಿದ್ದೂ ತಿಳಿಯುವುದಿಲ್ಲ, ಸುಟ್ಟಿದ್ದೂ ತಿಳಿಯುವುದಿಲ್ಲ. ಮೂರು ದಿನದ ಮೇಲೆ ಕೀವು ಕಂಡಿತು. ಆಗ ಅಕ್ಕ ರಸ್ತೆ ಬದಿಯ ಒಂದು ಕ್ಲಿನಿಕ್ಕಿಗೆ ಹೋದರು.

ಅಲ್ಲಿದ್ದವರು ಸಕ್ಕರೆ ಇದೆಯಾ ಅಂತ ಕೇಳಲಿಲ್ಲ. ಗಾಯ ಬಿಚ್ಚಿ ನೋಡಲಿಲ್ಲ. ಒಂದು ಇಂಜೆಕ್ಷನ್ ಕೊಟ್ಟರು. ಬಣ್ಣ ಬಣ್ಣದ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಚೀಟಿ ಇಲ್ಲ, ರಸೀತಿ ಇಲ್ಲ. "ನಾಳಿದ್ದು ಬಾರಮ್ಮ" ಅಂದರು. ಅವತ್ತು ರಾತ್ರಿ ಅಕ್ಕನಿಗೆ ಹಾಯೆನಿಸಿತು. "ಏನು ಕೈಗುಣ ಅಂತೀಯ!" ಅಂತ ಅಕ್ಕಪಕ್ಕದವರಿಗೂ ಹೇಳಿದರು. ಹೀಗೆ ಮೂರು ಸಲ ಹೋಗಿ ಬಂದರು. ನಾಲ್ಕನೇ ಸಲಕ್ಕೆ ಬೆರಳು ಕಪ್ಪಾಗಿತ್ತು. ಸೊಸೆ ಹಟ ಹಿಡಿದು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿ ಎರಡು ಬೆರಳು ತೆಗೆದರು. ಇನ್ನು ನಾಲ್ಕು ದಿನ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತು ಅಂದರಂತೆ.

ಆಮೇಲೆ ಅಕ್ಕ ನಮ್ಮಲ್ಲಿಗೆ ಬಂದು ಅಕ್ಷರ ಕಲಿತರು. ಒಂದು ದಿನ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಅದೇ ಕ್ಲಿನಿಕ್ಕಿನ ಬೋರ್ಡು ಕಣ್ಣಿಗೆ ಬಿತ್ತು. ಕೂಡಿಸಿ ಕೂಡಿಸಿ ಓದಿದರು. 'ಡಾ.' ಅಂತ ಇತ್ತು. ಹೆಸರಿತ್ತು. 'ಎಲ್ಲಾ ರೋಗಗಳಿಗೂ ಚಿಕಿತ್ಸೆ' ಅಂತ ಇತ್ತು. ಅಷ್ಟೇ. ಏನು ಓದಿದ್ದಾರೆ ಅನ್ನುವುದು ಇರಲಿಲ್ಲ. ಸಂಜೆ ಬಂದವರೇ ಕೇಳಿದರು:

"ಮೇಡಮ್ಮೋರೆ, 'ಡಾ.' ಅಂತ ಯಾರು ಬೇಕಾದ್ರೂ ಬರ್ಕೋಬಹುದಾ?"

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಈ 'ಡಾ.' ಅನ್ನುವುದನ್ನೇ ನೋಡೋಣ. ಅದೊಂದನ್ನೇ ನಂಬಬೇಡಿ. ಕಾಲೇಜು ಮೇಷ್ಟ್ರು ಕನ್ನಡದಲ್ಲೋ ಚರಿತ್ರೆಯಲ್ಲೋ ಪಿಎಚ್.ಡಿ. ಮಾಡಿದರೆ ಅವರೂ 'ಡಾ.' ಹಾಕಿಕೊಳ್ಳುತ್ತಾರೆ. ಅದು ಸರಿಯೇ. ನಮ್ಮ ರಾಜ್‌ಕುಮಾರ್ ಅವರಿಗೆ 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅಂದಿನಿಂದ ಅವರು ಡಾ. ರಾಜ್‌ಕುಮಾರ್. ಹಾಗಂತ ಜ್ವರ ಬಂದರೆ ಅವರ ಮನೆಗೆ ಯಾರಾದರೂ ಹೋಗುತ್ತಿದ್ದರೇ? ಕಾಯಿಲೆ ನೋಡುವ ಡಾಕ್ಟರು ಯಾರು ಅನ್ನುವುದನ್ನು ಹೆಸರಿನ ಮುಂದಿನ ಅಕ್ಷರ ಹೇಳುವುದಿಲ್ಲ. ಹೆಸರಿನ ಹಿಂದಿನ ಅಕ್ಷರ ಹೇಳುತ್ತದೆ. ಅದರ ಕೆಳಗಿನ ನಂಬರು ಹೇಳುತ್ತದೆ.

ಬಸ್ಸು ಓಡಿಸುವವರಿಗೆ ಲೈಸೆನ್ಸ್ ಬೇಕು. ರೇಷನ್ ಅಂಗಡಿಗೆ ಲೈಸೆನ್ಸ್ ಬೇಕು. ಮನುಷ್ಯರ ಮೈಗೆ ಸೂಜಿ ಚುಚ್ಚುವವರಿಗೆ ಬೇಡವೇ? ಬೇಕು. ಅದನ್ನು ನೋಂದಣಿ ಅನ್ನುತ್ತಾರೆ.

ಇಂಗ್ಲಿಷ್ ಮದ್ದು ಕೊಡುವ ಡಾಕ್ಟರು ಎಂ.ಬಿ.ಬಿ.ಎಸ್. ಓದಿರಬೇಕು. ಪಿ.ಯು.ಸಿ. ಆದಮೇಲೆ ನೀಟ್ ಅನ್ನುವ ಪರೀಕ್ಷೆ ಬರೆದು ಕಾಲೇಜು ಸೇರಬೇಕು. ನಾಲ್ಕೂವರೆ ವರ್ಷ ಓದಬೇಕು. ಆಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಹಿರಿಯ ಡಾಕ್ಟರ ಕೈಕೆಳಗೆ ದುಡಿದು ಕಲಿಯಬೇಕು. ಒಟ್ಟು ಐದೂವರೆ ವರ್ಷ. ಪದವಿ ಬಂದ ಮಾತ್ರಕ್ಕೆ ಕ್ಲಿನಿಕ್ಕು ತೆರೆಯುವ ಹಾಗಿಲ್ಲ. ಬೆಂಗಳೂರಿನಲ್ಲಿ ಕರ್ನಾಟಕ ವೈದ್ಯಕೀಯ ಪರಿಷತ್ತು ಇದೆ. 1961ರ ರಾಜ್ಯ ಕಾನೂನಿನ ಪ್ರಕಾರ ಅದು ಡಾಕ್ಟರುಗಳ ಪಟ್ಟಿ ಇಡುತ್ತದೆ. ಸರ್ಟಿಫಿಕೇಟು ತೋರಿಸಿ ಆ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಆಗ ಒಂದು ನಂಬರು ಕೊಡುತ್ತಾರೆ. ಬೇರೆ ದೇಶದಲ್ಲಿ ಓದಿ ಬಂದವರಾದರೆ ಇಲ್ಲಿ ಇನ್ನೊಂದು ಪರೀಕ್ಷೆ ಪಾಸು ಮಾಡಿದ ಮೇಲೇ ನಂಬರು.

ನಮ್ಮ ಮನೆಗೆ ಕದ ನಂಬರು ಇರುವ ಹಾಗೆ ಒಬ್ಬ ಡಾಕ್ಟರಿಗೆ ಒಂದು ನಂಬರು. ಇನ್ನೊಬ್ಬರಿಗೆ ಅದೇ ನಂಬರು ಇರುವುದಿಲ್ಲ. ಈ ನಂಬರನ್ನು ಡಾಕ್ಟರು ಬಚ್ಚಿಡುವ ಹಾಗಿಲ್ಲ. ಕ್ಲಿನಿಕ್ಕಿನಲ್ಲಿ ಕಾಣುವ ಹಾಗೆ ಹಾಕಬೇಕು. ಬರೆದು ಕೊಡುವ ಚೀಟಿಯ ಮೇಲೂ, ಹಣದ ರಸೀತಿಯ ಮೇಲೂ ಇರಬೇಕು. 2002ರ ವೈದ್ಯರ ನಡವಳಿಕೆ ನಿಯಮದಲ್ಲಿ ಹೀಗೆ ಬರೆದಿದೆ.

ಈಗ ಅಕ್ಷರಗಳ ವಿಷಯ. ಬಿ.ಎ.ಎಂ.ಎಸ್. ಅಂದರೆ ಆಯುರ್ವೇದ ಓದಿದವರು. ಬಿ.ಎಚ್.ಎಂ.ಎಸ್. ಅಂದರೆ ಹೋಮಿಯೋಪತಿ. ಬಿ.ಯು.ಎಂ.ಎಸ್. ಅಂದರೆ ಯುನಾನಿ. ಬಿ.ಡಿ.ಎಸ್. ಅಂದರೆ ಹಲ್ಲಿನ ಡಾಕ್ಟರು. ಇವರೆಲ್ಲ ಕಾಲೇಜಿನಲ್ಲಿ ಓದಿದ ನಿಜವಾದ ಡಾಕ್ಟರುಗಳೇ. ಇವರಿಗೂ ಬೇರೆ ಬೇರೆ ಪಟ್ಟಿ ಇದೆ, ನಂಬರಿದೆ. ಎಂ.ಬಿ.ಬಿ.ಎಸ್. ಮುಂದೆ ಎಂ.ಡಿ. ಅಂತಲೋ ಎಂ.ಎಸ್. ಅಂತಲೋ ಇದ್ದರೆ ಇನ್ನೂ ಹೆಚ್ಚು ಓದಿದ್ದಾರೆ ಅಂತ ಅರ್ಥ. ಎಂ.ಎಸ್. ಅಂದರೆ ಆಪರೇಷನ್ ಮಾಡುವವರು.

ಮೋಸದ ಅಕ್ಷರಗಳೂ ಇವೆ. 'ಆರ್.ಎಂ.ಪಿ.' ಅಂತ ಬೋರ್ಡು ನೋಡಿದ್ದೀರಲ್ಲ? ಅದು ಯಾವ ಓದೂ ಅಲ್ಲ. 'ನೋಂದಾಯಿತ ವೈದ್ಯ' ಅನ್ನುವುದರ ಇಂಗ್ಲಿಷ್ ಚಿಕ್ಕರೂಪ, ಅಷ್ಟೇ. ಎಲ್ಲಿ ನೋಂದಣಿ, ನಂಬರೆಷ್ಟು ಅಂತ ಇಲ್ಲದಿದ್ದರೆ ಆ ಮೂರಕ್ಷರಕ್ಕೆ ಬೆಲೆಯಿಲ್ಲ. ಇನ್ನು ಕೆಲವರು ದೊಡ್ಡದಾಗಿ ಎಂ.ಡಿ. ಅಂತ ಬರೆಸಿ ಪಕ್ಕದಲ್ಲಿ ಇರುವೆಯಷ್ಟು ಸಣ್ಣದಾಗಿ ಎ.ಎಂ. ಅಂತ ಸೇರಿಸುತ್ತಾರೆ. ಎಂ.ಬಿ.ಬಿ.ಎಸ್. ಇಲ್ಲದೆ ಬರೀ ಅದೊಂದೇ ಇದ್ದರೆ ಅವರು ಇಂಗ್ಲಿಷ್ ಮದ್ದು ಕೊಡುವ ಡಾಕ್ಟರಲ್ಲ. ಔಷಧಿ ಅಂಗಡಿಯವರು, ರಕ್ತ ಪರೀಕ್ಷೆ ಮಾಡುವವರು, ಆಸ್ಪತ್ರೆಯಲ್ಲಿ ಹತ್ತಾರು ವರ್ಷ ಕಾಂಪೌಂಡರ್ ಆಗಿದ್ದವರು ಇವರೂ ಡಾಕ್ಟರಲ್ಲ. ನೋಡಿ ನೋಡಿ ಕಲಿತಿದ್ದೀನಿ ಅನ್ನುತ್ತಾರೆ. ಕಂಡಕ್ಟರು ದಿನಾ ನೋಡುತ್ತಾನೆ ಅಂತ ಅವನ ಕೈಗೆ ಬಸ್ಸು ಕೊಡುತ್ತಾರೆಯೇ?

ನಾಟಿ ವೈದ್ಯರ ಮಾತೇನು ಅಂತ ತರಗತಿಯಲ್ಲಿ ಕೇಳಿದರು. ನಮ್ಮ ಅಜ್ಜಿಯರೂ ಸೊಪ್ಪು ಅರೆದು ಕೊಟ್ಟವರೇ. ಆ ತಿಳಿವಳಿಕೆಯನ್ನು ಹಗುರ ಮಾಡಿ ಮಾತಾಡಲು ನಮಗೆ ಮನಸ್ಸಿಲ್ಲ. ಆದರೆ ಬೇರು ನಾರು ಕೊಡುವವರ ಕೈಯಲ್ಲಿ ಸಿರಿಂಜು ಕಂಡರೆ, ಗ್ಲೂಕೋಸ್ ಬಾಟಲಿ ಕಂಡರೆ, ಅಲ್ಲಿಂದ ಎದ್ದು ಬನ್ನಿ. ಅದಕ್ಕೆ ಅವರಿಗೆ ಅಧಿಕಾರವಿಲ್ಲ.

ಸರಿ, ಅಕ್ಕನಿಗೆ ಮೊದಲ ದಿನ ಹಾಯೆನಿಸಿದ್ದು ಹೇಗೆ? ಕಲಿಯದವರು ಹೆಚ್ಚಾಗಿ ಕೊಡುವುದು ಸ್ಟಿರಾಯ್ಡ್ ಅನ್ನುವ ಮದ್ದು. ಒಳ್ಳೆಯ ಡಾಕ್ಟರುಗಳೂ ಅದನ್ನು ಬಳಸುತ್ತಾರೆ, ಆದರೆ ಅಳೆದು ತೂಗಿ. ಅದು ಊತ ಇಳಿಸುತ್ತದೆ, ನೋವು ತಗ್ಗಿಸುತ್ತದೆ. ಕಾಯಿಲೆ ವಾಸಿಯಾದ ಹಾಗೇ ಕಾಣುತ್ತದೆ. ಒಳಗೆ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಗಾಯ ಮಾಯುವುದನ್ನು ತಡೆಯುತ್ತದೆ. ಅಕ್ಕನಿಗೆ ಕೊಟ್ಟಿದ್ದು ಅದೇ ಇರಬಹುದೇ? ಚೀಟಿಯೇ ಇಲ್ಲವಲ್ಲ, ಹೇಗೆ ಹೇಳುವುದು! ದೊಡ್ಡಾಸ್ಪತ್ರೆಯವರೂ "ಏನು ಮದ್ದು ಕೊಟ್ಟಿದ್ದರಮ್ಮ?" ಅಂತ ಕೇಳಿದ್ದರು. ಅಕ್ಕನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಸೂಜಿಯ ಭಯ ಬೇರೆ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಕಾಮಾಲೆಯ ವಿಷಾಣು, ಏಡ್ಸ್ ತರುವ ಎಚ್.ಐ.ವಿ. ಅಂಟಬಹುದು. ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಕೇಳಲು ನಾಚಿಕೆ ಬೇಡ.

ಕಾಲಿನ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. ಅಮೆರಿಕದಲ್ಲಿ ಪಾದಕ್ಕೆಂದೇ ಬೇರೆ ಡಾಕ್ಟರು ಇದ್ದಾರೆ. ಪೊಡಿಯಾಟ್ರಿಸ್ಟ್ ಅನ್ನುತ್ತಾರೆ. ಅವರಿಗೆ ಬೇರೆ ಕಾಲೇಜು, ಬೇರೆ ಲೈಸೆನ್ಸು. ಅಲ್ಲಿನ ಒಂದೊಂದು ರಾಜ್ಯವೂ ತನ್ನ ಲೈಸೆನ್ಸನ್ನು ತಾನೇ ಕೊಡುತ್ತದೆ. ನಮ್ಮಲ್ಲಿ ಪಾದಕ್ಕೆ ಆಪರೇಷನ್ ಮಾಡುವವರು ಮೊದಲು ಎಂ.ಬಿ.ಬಿ.ಎಸ್. ಓದಿರಬೇಕು. ಆಮೇಲೆ ಪಾದದ ಚಿಕಿತ್ಸೆಯನ್ನು ಹೆಚ್ಚಾಗಿ ಕಲಿತಿರುತ್ತಾರೆ. ಬೆಂಗಳೂರಿನಲ್ಲಿ ಸರ್ಕಾರದ ಡಯಾಬಿಟಾಲಜಿ ಸಂಸ್ಥೆ ಅಂತ ಇತ್ತು. ಈಗ ಅದರ ಹೆಸರು ಎಂಡೋಕ್ರೈನಾಲಜಿ ಸಂಸ್ಥೆ. ಅಲ್ಲಿ ಸಕ್ಕರೆ ಕಾಯಿಲೆಯವರ ಪಾದ ನೋಡಲು ಬೇರೆ ವಿಭಾಗವೇ ಇದೆ. ಸಂತೆಯಲ್ಲಿ, ಜಾತ್ರೆಯಲ್ಲಿ ಬ್ಲೇಡು ಹಿಡಿದು ಕಾಲಾಣಿ ಕೀಳುವವರು ಕೂತಿರುತ್ತಾರೆ. ಸಕ್ಕರೆ ಕಾಯಿಲೆ ಇರುವವರು ಅವರಿಗೆ ಕಾಲು ಕೊಡಲೇಬಾರದು. ದಿನಾ ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ. ಬಗ್ಗಲು ಆಗದಿದ್ದರೆ ಮೊಮ್ಮಕ್ಕಳ ಕೈಲಿ ನೋಡಿಸಿ. ಹೊಲಕ್ಕೆ ಬರಿಗಾಲಲ್ಲಿ ಹೋಗಬೇಡಿ.

ಡಾಕ್ಟರಿಗೆ ನಂಬರು ಇದ್ದ ಹಾಗೆ ಕ್ಲಿನಿಕ್ಕಿಗೂ ನಂಬರು ಇರಬೇಕು. ಖಾಸಗಿ ಆಸ್ಪತ್ರೆಗಳಿಗಾಗಿ ಕರ್ನಾಟಕದಲ್ಲಿ 2007ರ ಕಾನೂನು ಒಂದಿದೆ. ಅದನ್ನು ಕೆ.ಪಿ.ಎಂ.ಇ. ಅನ್ನುತ್ತಾರೆ. ಒಂದೇ ಕೋಣೆಯ ಕ್ಲಿನಿಕ್ಕಾದರೂ ಜಿಲ್ಲೆಯಲ್ಲಿ ನೋಂದಣಿ ಮಾಡಿಸಬೇಕು. ಡಿ.ಸಿ. ಸಾಹೇಬರೇ ಆ ಸಮಿತಿಯ ಅಧ್ಯಕ್ಷರು. ಐದು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಯಾವುದಕ್ಕೆ ಎಷ್ಟು ದುಡ್ಡು ಅನ್ನುವುದನ್ನೂ ಕಾಣುವ ಹಾಗೆ ಹಾಕಬೇಕು. 2024ರಲ್ಲಿ ಸರ್ಕಾರ ಇನ್ನೊಂದು ಆದೇಶ ಮಾಡಿತು. ಇಂಗ್ಲಿಷ್ ಮದ್ದಿನ ಕ್ಲಿನಿಕ್ಕಿನ ಬೋರ್ಡು ತಿಳಿ ನೀಲಿ ಬಣ್ಣದ್ದಿರಬೇಕು. ಆಯುರ್ವೇದದ್ದು ತಿಳಿ ಹಸಿರು. ಅದರ ಮೇಲೆ ನೋಂದಣಿ ನಂಬರು ಇರಬೇಕು. ಇದು ನಮಗೆ ಬಹಳ ಹಿಡಿಸಿತು. ಓದು ಇನ್ನೂ ನಿಧಾನ ಇರುವವರು ಬಣ್ಣ ನೋಡಿಯೇ ಅರ್ಧ ತಿಳಿದುಕೊಳ್ಳಬಹುದು.

ಕಾನೂನು ಇದ್ದರೆ ಸಾಕೇ, ನಮ್ಮಂಥವರ ಮಾತು ಯಾರು ಕೇಳುತ್ತಾರೆ ಅಂತ ನೀವು ಅನ್ನಬಹುದು. ಮುಂಬೈನ ಒಬ್ಬ ಹೆಣ್ಣುಮಗಳ ಸಂಗತಿ ಕೇಳಿ. ಹೆಸರು ಪೂನಂ ವರ್ಮಾ. 1992ರಲ್ಲಿ ಅವರ ಗಂಡನಿಗೆ ಜ್ವರ ಬಂತು. ನೋಡಿದ ಡಾಕ್ಟರು ಹೋಮಿಯೋಪತಿ ಓದಿದವರು. ಆದರೆ ಕೊಟ್ಟಿದ್ದು ಇಂಗ್ಲಿಷ್ ಮದ್ದು. ಮೊದಲು ವೈರಲ್ ಜ್ವರಕ್ಕೆ ಅಂತ ಕೊಟ್ಟರು. ಆಮೇಲೆ ಟೈಫಾಯಿಡ್‌ಗೆ ಅಂತ ಕೊಟ್ಟರು. ಜ್ವರ ಇಳಿಯಲಿಲ್ಲ. ಗಂಡ ತೀರಿಕೊಂಡರು. ಆಗ ಅವರಿಗೆ ಬರೀ 35 ವರ್ಷ. ಪೂನಂ ವರ್ಮಾ ಗ್ರಾಹಕರ ನ್ಯಾಯಾಲಯಕ್ಕೆ ಹೋದರು. ಅಲ್ಲಿ ಸೋತರು. ಬಿಡಲಿಲ್ಲ, ದೆಹಲಿಯ ಸುಪ್ರೀಂ ಕೋರ್ಟಿಗೆ ಹೋದರು. 1996ರಲ್ಲಿ ತೀರ್ಪು ಬಂತು. ತಾನು ಕಲಿಯದ ಪದ್ಧತಿಯ ಮದ್ದು ಕೊಡುವವನು ನಕಲಿ ವೈದ್ಯನೇ ಅಂತ ಕೋರ್ಟು ಹೇಳಿತು. ಮೂರು ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶ ಮಾಡಿತು. ಗಂಡ ಬರಲಿಲ್ಲ, ನಿಜ. ಆದರೆ ದೇಶದ ಎಲ್ಲಾ ಕೋರ್ಟುಗಳಲ್ಲೂ ಈಗ ಆ ತೀರ್ಪನ್ನು ತೆಗೆದು ಓದುತ್ತಾರೆ.

ನಮ್ಮ ಅಕ್ಕ ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಆಯಮ್ಮನ ಹತ್ರ ಚೀಟಿ ಇತ್ತೇನೋ" ಅಂದರು.

ಹೌದು, ಚೀಟಿ ಬೇಕು. ಮದ್ದಿನ ಚೀಟಿ ಕೇಳಿ, ರಸೀತಿ ಕೇಳಿ, ಅಕ್ಕಿ ಡಬ್ಬದಲ್ಲೋ ಟ್ರಂಕಿನಲ್ಲೋ ಜೋಪಾನವಾಗಿಡಿ. ಆಸ್ಪತ್ರೆಯಲ್ಲಿ ಮಲಗಿದ್ದರೆ ಅಲ್ಲಿನ ದಾಖಲೆಗಳನ್ನು ಕೇಳುವ ಹಕ್ಕು ನಿಮಗಿದೆ. ಕೇಳಿದ 72 ಗಂಟೆಯೊಳಗೆ ಕೊಡಬೇಕು. ಡಾಕ್ಟರ ನಂಬರಿನ ಮೇಲೆ ಅನುಮಾನ ಬಂದರೆ ಮಕ್ಕಳ ಮೊಬೈಲಿನಲ್ಲಿ ನೋಡಿಸಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟಿಯಲ್ಲಿ ಎಂ.ಬಿ.ಬಿ.ಎಸ್. ಡಾಕ್ಟರ ಹೆಸರು, ನಂಬರು ಹುಡುಕಬಹುದು.

ನೋಂದಣಿ ಇಲ್ಲದೆ ಡಾಕ್ಟರಿಕೆ ಮಾಡುವುದು ಅಪರಾಧ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾನೂನಿನಲ್ಲಿ ಇದಕ್ಕೆ ಒಂದು ವರ್ಷದವರೆಗೆ ಜೈಲು ಇದೆ. ಐದು ಲಕ್ಷ ರೂಪಾಯಿವರೆಗೆ ದಂಡ ಇದೆ. ಎರಡೂ ಆಗಬಹುದು.

ಅಕ್ಕ ಈಗ ಒಂದು ಅರ್ಜಿ ಬರೆದಿದ್ದಾರೆ. ನಾವು ಬರೆದುಕೊಡುತ್ತೇವೆ ಅಂದರೂ ಒಪ್ಪಲಿಲ್ಲ. ಒಂದೂವರೆ ಪುಟ ಬರೆಯಲು ಮೂರು ಸಂಜೆ ಹಿಡಿಯಿತು. ಬೋರ್ಡಿನಲ್ಲಿ ಏನಿತ್ತು, ಏನಿರಲಿಲ್ಲ, ಯಾವಾಗ ಹೋದರು, ಎಷ್ಟು ಸಲ ಸೂಜಿ ಚುಚ್ಚಿದರು, ಎಷ್ಟು ದುಡ್ಡು ಕೊಟ್ಟರು, ಎಲ್ಲಾ ಬರೆದಿದ್ದಾರೆ. ಇಂಥ ಅರ್ಜಿಯನ್ನು ಮಾಗಡಿಯಲ್ಲಿರುವ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಕೊಡಬೇಕು. ಇನ್ನೊಂದನ್ನು ರಾಮನಗರದಲ್ಲಿರುವ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಕಳಿಸಬೇಕು. ಕೊಡುವಾಗ ನಿಮ್ಮ ಹತ್ತಿರ ಉಳಿಯುವ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಅಕ್ಕನ ಅರ್ಜಿಯ ಕೆಳಗೆ ಹೆಬ್ಬೆಟ್ಟಿಲ್ಲ, ರುಜು ಇದೆ. ಪಕ್ಕದಲ್ಲಿ ಸೊಸೆಯ ರುಜು ಇದೆ. ಬರುವ ಸೋಮವಾರ ಇಬ್ಬರೂ ಮೊದಲ ಬಸ್ಸಿಗೆ ಮಾಗಡಿಗೆ ಹೊರಟಿದ್ದಾರೆ.