ಬ್ಯಾಟರಿ ಗರಗಸ: ಕೊಳ್ಳುವವರೂ ಮಾರುವವರೂ ಅರಿತಿರಬೇಕಾದ ಸಂಗತಿಗಳು

ಶೇಂಗಾ ಹಾಗೂ ಎಣ್ಣೆ ಗಿರಣಿಗಳಿಗೆ ಹೆಸರಾದ ಚಳ್ಳಕೆರೆ ತಾಲ್ಲೂಕಿನಲ್ಲಿ ದಾಳಿಂಬೆ, ಅಡಿಕೆ, ತೆಂಗಿನ ತೋಟಗಳೂ ಇವೆ. ವೇದಾವತಿಯ ದಡದ ಪರಶುರಾಂಪುರ ಹೋಬಳಿಯಂತಹ ಕಡೆ ತೋಟದ ಕೊಂಬೆ ಸವರುವುದು, ಬೇವು ಹುಣಸೆಗಳನ್ನು ಹದ ಮಾಡುವುದು, ಬದುವಿನ ಬಳ್ಳಾರಿ ಜಾಲಿಯನ್ನು ಕಡಿಯುವುದು ಎಂದಿಗೂ ಮುಗಿಯದ ಕೆಲಸ. ಕೂಲಿಯಾಳುಗಳ ಅಭಾವವಿರುವಲ್ಲಿ ಒಂದೇ ಕೈಯಲ್ಲಿ ಹಿಡಿಯಬಹುದಾದ ಬ್ಯಾಟರಿ ಚಾಲಿತ ಸಣ್ಣ ಗರಗಸವು ರೈತರನ್ನು ಆಕರ್ಷಿಸುವುದು ಸಹಜ. ಆದರೆ ಇದು ಕತ್ತರಿಯ ಜಾತಿಗೆ ಸೇರಿದ್ದಲ್ಲ; ದೊಡ್ಡ ಮರಗಳನ್ನು ಉರುಳಿಸುವ ಸರಪಳಿ ಗರಗಸದ ಕಿರಿಯ ರೂಪ. ಗಾತ್ರ ಕಿರಿದಾದ ಮಾತ್ರಕ್ಕೆ ಅಪಾಯ ಕಿರಿದಾಗುವುದಿಲ್ಲ.

ಮೊದಲಿಗೆ ಖರೀದಿಯ ವಿಚಾರ. ಪೆಟ್ಟಿಗೆಯ ಮೇಲೆ ಮುದ್ರಿಸಿರುವ ವೋಲ್ಟ್ ಸಂಖ್ಯೆಯನ್ನು ನೋಡಿ ಮರುಳಾಗುವವರು ಅನೇಕರು. ಲಿಥಿಯಂ ಕೋಶವೊಂದರ ಸಾಧಾರಣ ವೋಲ್ಟೇಜು ಸುಮಾರು 3.6, ಪೂರ್ಣ ಚಾರ್ಜ್ ಆದಾಗ 4.2. ಐದು ಕೋಶಗಳ ಬ್ಯಾಟರಿಯನ್ನು 18 ವೋಲ್ಟ್ ಎಂದೂ 21 ವೋಲ್ಟ್ ಎಂದೂ ಮಾರಬಹುದು; ವಸ್ತು ಒಂದೇ. ಅದೇ ಗಾತ್ರದ ಬ್ಯಾಟರಿಯ ಮೇಲೆ 48 ಅಥವಾ 88 ಎಂಬ ಅಂಕಿ ಕಂಡುಬಂದರೆ ಅದು ವ್ಯಾಪಾರದ ಅಲಂಕಾರವೆಂದೇ ತಿಳಿಯತಕ್ಕದ್ದು. ಇದಕ್ಕಿಂತ ಮುಖ್ಯವಾಗಿ ನೋಡಬೇಕಾದುದು ಎರಡು: ಗುಂಡಿಯನ್ನು ಒತ್ತಿ ಹಿಡಿಯದ ಹೊರತು ಚಾಲನೆಯಾಗದ ಬೀಗದ ವ್ಯವಸ್ಥೆ, ಮತ್ತು ಸರಪಳಿಯ ಮೇಲ್ಭಾಗಕ್ಕೆ ರಕ್ಷಣಾ ಕವಚ. ಕೈಯಿಂದ ನಡೆಸುವ ಕೃಷಿ ಉಪಕರಣಗಳಿಗೆ ಜಿಎಸ್‌ಟಿ ಇಲ್ಲ; ಮೋಟಾರು ಸೇರಿದೊಡನೆ ತೆರಿಗೆ ಬರುತ್ತದೆ. ಈ ತೆರಿಗೆಯನ್ನು ಉಳಿಸಲೆಂದು ಬಿಲ್ಲಿಲ್ಲದೆ ಕೊಳ್ಳುವವನು ಖಾತರಿಯನ್ನೂ, ಗ್ರಾಹಕರ ಆಯೋಗದ ಮುಂದೆ ನಿಲ್ಲುವ ಆಧಾರವನ್ನೂ ಅದೇ ಹಣಕ್ಕೆ ಮಾರಿಕೊಂಡಂತೆ.

ಅಪಘಾತ ಎಲ್ಲಿಂದ ಬರುತ್ತದೆ?

ಪೆಟ್ರೋಲ್ ಗರಗಸ ಗುಡುಗುಟ್ಟುತ್ತಾ ತನ್ನ ಇರವನ್ನು ಸಾರುತ್ತದೆ. ಬ್ಯಾಟರಿ ಗರಗಸ ಮೌನವಾಗಿ ಕೈಯಲ್ಲಿರುತ್ತದೆ. ಬೆರಳು ತಗುಲಿದ ಕ್ಷಣದಲ್ಲೇ ಪೂರ್ಣ ವೇಗಕ್ಕೆ ಬರುತ್ತದೆ. ಎರಡನೆಯದಾಗಿ, ಬಲಗೈಯಲ್ಲಿ ಗರಗಸ, ಎಡಗೈಯಲ್ಲಿ ಕೊಂಬೆ ಎಂಬ ಭಂಗಿ. ಕುಡುಗೋಲಿನ ಅಭ್ಯಾಸವುಳ್ಳ ಕೈ ತಾನಾಗಿಯೇ ಈ ಭಂಗಿಗೆ ಬರುತ್ತದೆ. ಕೊಂಬೆ ತುಂಡಾದೊಡನೆ ಸರಪಳಿ ಮುಂದೆ ಸರಿದು ಎಡಗೈಗೆ ತಗುಲುತ್ತದೆ. ಸಾಧ್ಯವಿದ್ದಲ್ಲೆಲ್ಲ ಎರಡೂ ಕೈಗಳಿಂದ ಹಿಡಿಯಬೇಕು. ಆಗದಿದ್ದರೆ ಇನ್ನೊಂದು ಕೈಯನ್ನು ಕತ್ತರಿಸುವ ಜಾಗದಿಂದ ಸಾಕಷ್ಟು ದೂರವಿಡಬೇಕು.

ಮೂರನೆಯದು ಹಿನ್ನೆಗೆತ. ಸರಪಳಿ ಓಡುವ ಪಟ್ಟಿಯ ತುದಿಯ ಮೇಲ್ಭಾಗ ಯಾವುದಾದರೂ ಕೊಂಬೆಗೆ ತಗುಲಿದರೆ ಗರಗಸ ಕಣ್ಣುಮಿಟುಕಿಸುವಷ್ಟರಲ್ಲಿ ಹಿಡಿದವನ ಮುಖದತ್ತ ಎಗರುತ್ತದೆ. ದೊಡ್ಡ ಗರಗಸಗಳಲ್ಲಿ ಇದನ್ನು ತಡೆಯುವ ಬ್ರೇಕ್ ಇರುತ್ತದೆ. ಅನೇಕ ಸಣ್ಣ ಗರಗಸಗಳಲ್ಲಿ ಇಲ್ಲ. ದಾಳಿಂಬೆ, ಜಾಲಿಗಳಂತಹ ಹೆಣೆದುಕೊಂಡ ಮುಳ್ಳುಗಿಡಗಳಲ್ಲಿ ತುದಿ ಏನಕ್ಕೆ ತಗುಲುತ್ತಿದೆ ಎಂಬುದೇ ಕಾಣುವುದಿಲ್ಲ. ಆದುದರಿಂದ ಮೊದಲು ಸಣ್ಣ ರೆಂಬೆಗಳನ್ನು ಕೈಕತ್ತರಿಯಿಂದ ತೆಗೆದು, ದಾರಿ ತೆರವಾದ ಮೇಲೆಯೇ ಗರಗಸವನ್ನು ಒಳಗೊಯ್ಯುವುದು ಕ್ಷೇಮ.

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕತ್ತರಿಸಿದರೆ ಅದು ಅರ್ಧದಲ್ಲಿಯೇ ಮುರಿದು ಕಾಂಡದ ತೊಗಟೆಯನ್ನು ಸೀಳಿಕೊಂಡು ಬೀಳುತ್ತದೆ. ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗದಷ್ಟು ಕೊಯ್ದು, ಅದಕ್ಕೂ ತುಸು ಆಚೆ ಮೇಲಿನಿಂದ ಕತ್ತರಿಸಿ ಭಾರವನ್ನು ಇಳಿಸಿ, ಕೊನೆಯಲ್ಲಿ ಕೊಂಬೆ ಹುಟ್ಟುವ ಉಬ್ಬಿನ ಹೊರಗೆ ಮೋಟನ್ನು ತೆಗೆಯುವುದು ಸರಿಯಾದ ಕ್ರಮ. ಏಣಿಯ ಮೇಲೆ ನಿಂತು ಅಥವಾ ಭುಜಕ್ಕಿಂತ ಎತ್ತರದಲ್ಲಿ ಈ ಗರಗಸವನ್ನು ಬಳಸತಕ್ಕದ್ದಲ್ಲ. ವಿದ್ಯುತ್ ತಂತಿಯ ಸಮೀಪದ ಮರವಾದರೆ ಬೆಸ್ಕಾಂನ 1912ಕ್ಕೆ ತಿಳಿಸಿ, ಸರಬರಾಜು ನಿಂತ ಮೇಲೆ ಅವರ ಸಿಬ್ಬಂದಿಯೇ ಮಾಡತಕ್ಕ ಕೆಲಸವದು.

ಕಣ್ಣಿಗೆ ಕನ್ನಡಕ, ಕೈಗೆ ಗವಸು, ಕಾಲಿಗೆ ಬೂಟು ಬೇಕು. ಹೆಗಲ ಟವೆಲ್, ಸಡಿಲ ಲುಂಗಿ, ಸೆರಗು ಇವು ಸರಪಳಿಗೆ ಸಿಕ್ಕದಂತೆ ಬಿಗಿಯಬೇಕು. ಸರಪಳಿ ಬಿಗಿ ಮಾಡುವಾಗ, ಸ್ವಚ್ಛಗೊಳಿಸುವಾಗ, ಒಂದು ಗಿಡದಿಂದ ದೂರದ ಇನ್ನೊಂದಕ್ಕೆ ಒಯ್ಯುವಾಗ ಬ್ಯಾಟರಿಯನ್ನು ಕಳಚಿರಬೇಕು. ಇಷ್ಟೊಂದನ್ನು ಪಾಲಿಸಿದರೂ ಎಷ್ಟೋ ಬೆರಳುಗಳು ಉಳಿದಾವು. ದುಂಡಾಣು ಅಂಗಮಾರಿ ಇರುವ ದಾಳಿಂಬೆ ತೋಟದಲ್ಲಿ ಗಿಡದಿಂದ ಗಿಡಕ್ಕೆ ಅಲಗನ್ನು ಸೋಂಕುನಿವಾರಕದಿಂದ ಒರೆಸುವಾಗಲೂ ಹಾಗೆಯೇ. ಯಂತ್ರವನ್ನು ದ್ರಾವಣದಲ್ಲಿ ಅದ್ದಬಾರದು.

ಬಿಸಿಲುನಾಡಿನ ಬ್ಯಾಟರಿ

ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಏರುವ ಈ ಭಾಗದಲ್ಲಿ ತಗಡಿನ ಶೆಡ್ಡಿನೊಳಗೆ ಚಾರ್ಜ್ ಮಾಡುವುದು ಲಿಥಿಯಂ ಬ್ಯಾಟರಿಗೆ ಸಲ್ಲದು. ಕೆಲಸ ಮುಗಿದೊಡನೆ ಬಿಸಿಯಿರುವಾಗಲೇ ಚಾರ್ಜಿಗೆ ಹಾಕದೆ ತಣಿಯಲು ಬಿಡಬೇಕು. ಹುಲ್ಲು, ಗೋಣಿಚೀಲ, ಎಣ್ಣೆಯ ಡಬ್ಬಗಳ ಬಳಿ ಚಾರ್ಜ್ ಮಾಡಬಾರದು. ಉಬ್ಬಿದ ಬ್ಯಾಟರಿಯನ್ನು ಬಿಚ್ಚಿ ರಿಪೇರಿ ಮಾಡಿಸದೆ ಕೈಬಿಡಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯದನ್ನು ಮರಳಿ ಪಡೆಯುವ ವ್ಯವಸ್ಥೆ ತಯಾರಕರ ಹೊಣೆ.

ಕೂಲಿಯಾಳಿನ ಕೈಗೆ ಕೊಟ್ಟಾಗ

ಸ್ವಂತ ಕೈಯಲ್ಲಿ ಬಳಸುವವರೆಗೆ ನಷ್ಟ ತನ್ನದು. ಆಳಿನ ಕೈಗೆ ಕೊಟ್ಟೊಡನೆ ಲೆಕ್ಕ ಬೇರೆ. 1923ರ ನೌಕರರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ವಿದ್ಯುತ್ ಅಥವಾ ಯಾಂತ್ರಿಕ ಶಕ್ತಿಯಿಂದ ನಡೆಯುವ ಸಾಧನಗಳಿಂದ ಕೃಷಿ ಮಾಡುವವರ ಉಲ್ಲೇಖವಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಮಾಲೀಕನ ಪರಿಹಾರದ ಹೊಣೆಯನ್ನು ಮುಂದುವರಿಸಿದೆ. 1923ರ ಕಾಯ್ದೆಯ ಸೂತ್ರದಂತೆ ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇ. 30ರಷ್ಟು ನಷ್ಟ. ತಿಂಗಳಿಗೆ 12,000 ರೂ. ಗಳಿಸುವ 30 ವರ್ಷದ ಕಾರ್ಮಿಕನೆಂದು ಭಾವಿಸಿದರೆ, ವೇತನದ ಶೇ. 60 ಅಂದರೆ 7,200. ಇದನ್ನು ವಯಸ್ಸಿನ ಗುಣಕ 207.98ರಿಂದ ಗುಣಿಸಿದಾಗ 14,97,456, ಅದರ ಶೇ. 30, ಸುಮಾರು 4.49 ಲಕ್ಷ ರೂ. ಕೆಲವೇ ಸಾವಿರ ರೂಪಾಯಿಗಳ ಉಪಕರಣದ ಹಿಂದೆ ಇಷ್ಟು ದೊಡ್ಡ ಹೊಣೆ ಅಡಗಿರಬಹುದು.

ವರ್ಷಕ್ಕೆ 20 ರೂ. ಕಂತಿನ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆಯಲ್ಲ ಎಂದು ನೆಮ್ಮದಿಯಿಂದಿರುವಂತಿಲ್ಲ. ಅದರಲ್ಲಿ ಭಾಗಶಃ ಅಂಗವೈಕಲ್ಯದ 1 ಲಕ್ಷ ದೊರೆಯುವುದು ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಶಾಶ್ವತವಾಗಿ ನಷ್ಟವಾದಾಗ. ಬೆರಳೊಂದಕ್ಕೆ ಅಲ್ಲಿ ಸ್ಥಾನವಿಲ್ಲ. ಖಾಯಂ ಆಳುಗಳನ್ನಿಟ್ಟವರು ಸಾಮಾನ್ಯ ವಿಮಾ ಕಂಪನಿಗಳಿಂದ ನೌಕರರ ಪರಿಹಾರ ಪಾಲಿಸಿಯನ್ನು ಪಡೆಯುವುದು ಉಚಿತ. ಪಡೆಯುವಾಗ ಕೆಲಸದ ವಿವರಣೆಯಲ್ಲಿ ಯಂತ್ರಗರಗಸವನ್ನು ಸ್ಪಷ್ಟವಾಗಿ ಬರೆಸಬೇಕು. ಬರೆಸದಿದ್ದಲ್ಲಿ ಪರಿಹಾರ ಕೋರುವ ಸಮಯದಲ್ಲಿ ತಕರಾರು ಏಳುವ ಸಂಭವವುಂಟು.

ಗಾಯವಾದಲ್ಲಿ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿ, 108ಕ್ಕೆ ಕರೆ ಮಾಡಬೇಕು. ತುಂಡಾದ ಬೆರಳನ್ನು ಒದ್ದೆ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ರೋಗಿಯೊಡನೆ ಕಳುಹಿಸಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.